ಬೀಸುವ ಕೈ, ತೂಗುವ ತಟ್ಟೆ

1900ರ ಸುಮಾರಿನ ಅಮೆರಿಕ. ಊರ ನಡುವಿನ ರಸ್ತೆಗೆ ಅಡ್ಡಲಾಗಿ ರೈಲುಹಳಿ ಹಾದಿದೆ. ಪಕ್ಕದಲ್ಲಿ ಒಬ್ಬನೇ ಕೂರುವಷ್ಟು ಮರದ ಗೂಡು, ಅದರೊಳಗೆ ಕಲ್ಲಿದ್ದಲ ಒಲೆ, ಗೋಡೆಗೆ ಒರಗಿಸಿದ ಕೆಂಪು ಬಾವುಟ, ಮೊಳೆಗೆ ತೂಗುಹಾಕಿದ ಕೆಂಪು ಗಾಜಿನ ಲಾಟೀನು. ರೈಲು ಬರುವ ಹೊತ್ತಿಗೆ ಒಳಗಿದ್ದವನು ಎದ್ದು ಬಂದು ರಸ್ತೆಯ ನಡುವೆ ನಿಲ್ಲುತ್ತಾನೆ. ಹಗಲಾದರೆ ಬಾವುಟ, ರಾತ್ರಿಯಾದರೆ ಲಾಟೀನು. ಅದನ್ನು ಎಡಕ್ಕೂ ಬಲಕ್ಕೂ ಬೀಸುತ್ತಾನೆ. ಕುದುರೆಗಾಡಿಗಳು ನಿಲ್ಲುತ್ತವೆ, ರೈಲು ಹೋಗುತ್ತದೆ, ಅವನು ಮತ್ತೆ ಗೂಡಿಗೆ ಮರಳುತ್ತಾನೆ.

ಆ ಕೆಲಸದಲ್ಲಿದ್ದವರಲ್ಲಿ ಅನೇಕರಿಗೆ ಒಂದು ಕೈಯೋ ಕಾಲೋ ಇರುತ್ತಿರಲಿಲ್ಲ. ರೈಲು ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸಲು ಆಗ ಕೆಲಸಗಾರ ಎರಡು ಡಬ್ಬಿಗಳ ನಡುವೆ ನುಗ್ಗಿ ಕೈಯಿಂದಲೇ ಕಬ್ಬಿಣದ ಗೂಟ ಇಳಿಸಬೇಕಿತ್ತು. ಕ್ಷಣ ತಪ್ಪಿದರೆ ಬೆರಳು ಹೋಗುತ್ತಿತ್ತು, ಕೈ ಹೋಗುತ್ತಿತ್ತು. ಸ್ವಯಂಚಾಲಿತ ಜೋಡಣೆಯನ್ನು ಕಡ್ಡಾಯ ಮಾಡಿದ ಕಾನೂನು ಬಂದದ್ದು 1893ರಲ್ಲಿ. ಅದು ಪೂರ್ತಿ ಜಾರಿಯಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಹೀಗೆ ಅಂಗ ಕಳೆದುಕೊಂಡವರಿಗೆ ಕಂಪನಿಗಳು ‘ಹಗುರ ಕೆಲಸ’ವೆಂದು ಕೊಡುತ್ತಿದ್ದದ್ದು ಈ ದಾಟಿನ, ಅಂದರೆ ಲೆವೆಲ್ ಕ್ರಾಸಿಂಗಿನ, ಕಾವಲು. ಅಮೆರಿಕದ ಮೊದಲ ಕ್ರಾಸಿಂಗ್ ಸಿಗ್ನಲ್ ಯಂತ್ರವಲ್ಲ, ಮನುಷ್ಯ. ಎಷ್ಟೋ ಕಡೆ, ಉಳಿದ ಒಂದೇ ಕೈಯನ್ನು ಬೀಸುವ ಮನುಷ್ಯ.

ನಮ್ಮಲ್ಲಿ ಹಳಬರು ರೈಲಿನ ಸಿಗ್ನಲ್ ಕಂಬಕ್ಕೆ ಕೈಮರ ಎನ್ನುತ್ತಿದ್ದರು. ದಾರಿ ಕವಲೊಡೆಯುವಲ್ಲಿ ದಿಕ್ಕು ತೋರಿಸುವ ಕಂಬಕ್ಕೂ ಅದೇ ಹೆಸರು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿ ಆ ಹೆಸರಿನ ಜಾಗವೇ ಇದೆ. ಮರಕ್ಕೆ ಕೈ ಬಂದದ್ದನ್ನು ಕಂಡವರು ಇಟ್ಟ ಹೆಸರು ಅದು. ಅಮೆರಿಕದ ರೈಲ್ವೆ ದಾಟುಗಳ ಹಳೆಯ ಉಪಕರಣಗಳ ಬಗ್ಗೆ ಓದುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಅಲ್ಲಿ ನಡೆದದ್ದೂ ಅದೇ: ಕಾವಲುಗಾರನ ಕೈಯನ್ನು ಬಿಚ್ಚಿ ಕಂಬಕ್ಕೆ ಜೋಡಿಸುವ ಅರವತ್ತು ಎಪ್ಪತ್ತು ವರ್ಷಗಳ ಪ್ರಯತ್ನ.

ಆ ಪ್ರಯತ್ನ ಏಕೆ ಬೇಕಾಯಿತೆಂದು ತಿಳಿಯಲು ಒಂದು ವ್ಯತ್ಯಾಸ ಗಮನಿಸಬೇಕು. ಬ್ರಿಟನ್ನಿನಲ್ಲಿ ರೈಲು ಬರುವ ಮೊದಲೇ ರಸ್ತೆಗಳಿದ್ದವು. ಹಾಗಾಗಿ 19ನೇ ಶತಮಾನದ ಮಧ್ಯಕ್ಕೇ ಅಲ್ಲಿನ ಕಾನೂನು ಸಾರ್ವಜನಿಕ ರಸ್ತೆಯ ದಾಟಿಗೆ ಗೇಟು ಹಾಕಿ ಕಾವಲುಗಾರನನ್ನು ಇಡುವ ಹೊಣೆಯನ್ನು ರೈಲ್ವೆ ಕಂಪನಿಯ ಮೇಲೆ ಹೊರಿಸಿತು. ನಾವು ಕಂಡು ಬೆಳೆದ ಗೇಟುಮನೆ, ಗೇಟ್‌ಮ್ಯಾನು, ಗೇಟು ಬಿದ್ದರೆ ಬಸ್ಸಿಳಿದು ನಿಲ್ಲುವ ಜನ, ಎಲ್ಲವೂ ಆ ಸಂಪ್ರದಾಯದಿಂದ ಬಂದದ್ದು. ಅಮೆರಿಕದಲ್ಲಿ ಎಷ್ಟೋ ಕಡೆ ರೈಲು ಮೊದಲು ಬಂತು, ಊರು ಆಮೇಲೆ ಹುಟ್ಟಿತು, ರಸ್ತೆ ಅದಕ್ಕೂ ಆಮೇಲೆ ಹಳಿಯನ್ನು ದಾಟಿತು. ಬೇಲಿಯಿಲ್ಲ, ಗೇಟಿಲ್ಲ. ದಾಟುಗಳ ಸಂಖ್ಯೆ ಎರಡು ಲಕ್ಷವನ್ನು ಮೀರಿತು. ಒಂದೊಂದಕ್ಕೂ ಹಗಲಿಗೊಬ್ಬ, ರಾತ್ರಿಗೊಬ್ಬ ಎಂದು ಆಳು ಇಡಲು ಯಾವ ಕಂಪನಿಯೂ ಒಪ್ಪಲಿಲ್ಲ. ದೊಡ್ಡ ಊರುಗಳಲ್ಲಷ್ಟೇ ಕಾವಲುಗಾರನಿದ್ದ. ಕೆಲವೆಡೆ ಅವನ ಕೈಗೆ ತಿರುಗಿಸಿ ಇಳಿಸುವ ಅಡ್ಡಕಂಬವೂ ಬಂತು. ಬಾಸ್ಟನ್ನಿನ ನೇಸನ್ ಮತ್ತು ವಿಲ್ಸನ್ ಎಂಬಿಬ್ಬರು 1867ರಲ್ಲೇ ಇಂಥ ಗೇಟಿಗೆ ಪೇಟೆಂಟು ಪಡೆದಿದ್ದರು. ಉಳಿದ ಕಡೆ ಇದ್ದದ್ದು ಕತ್ತರಿಯಾಕಾರದ ಹಲಗೆ ಮಾತ್ರ. ಕೆಲವು ಕಡೆ ಅದರ ಮೇಲೆ ಅಥವಾ ಪಕ್ಕದಲ್ಲಿ ‘ನಿಲ್ಲು, ನೋಡು, ಆಲಿಸು’ ಎಂದು ಬರೆದಿರುತ್ತಿತ್ತು.

ಮನುಷ್ಯನಿಲ್ಲದೆ ಎಚ್ಚರಿಸಬೇಕಾದರೆ ಮೊದಲು ರೈಲು ಬಂದದ್ದು ಯಂತ್ರಕ್ಕೆ ಗೊತ್ತಾಗಬೇಕು. ಆ ಗಂಟನ್ನು ಬಿಡಿಸಿದವನು ವಿಲಿಯಂ ರಾಬಿನ್ಸನ್. 1870ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಅವನು ತನ್ನ ಮೊದಲ ಮಾದರಿ ತೋರಿಸಿದ. ರೈಲಿನ ಗಾಲಿ ಹಳಿಬದಿಯ ಸನ್ನೆಕೋಲನ್ನು ಒತ್ತಿದರೆ ವಿದ್ಯುತ್ತು ಹರಿದು ಸಿಗ್ನಲ್ ಏಳುತ್ತದೆ. ಪೆನ್ಸಿಲ್ವೇನಿಯಾದ ಕಿನ್‌ಜುವಾ ಎಂಬಲ್ಲಿ ಅದನ್ನು ಹಳಿಗೂ ಅಳವಡಿಸಲಾಯಿತು. ಕೆಲಸ ಮಾಡಿತು. ಆದರೆ ರಾಬಿನ್ಸನ್‌ಗೆ ಸಮಾಧಾನವಾಗಲಿಲ್ಲ. ತಂತಿ ತುಂಡಾದರೆ ಏನು? ಬ್ಯಾಟರಿ ಸತ್ತರೆ? ಸಿಗ್ನಲ್ ಏಳುವುದಿಲ್ಲ, ಏಳದ ಸಿಗ್ನಲನ್ನು ಕಂಡವನು ದಾರಿ ಖಾಲಿಯಿದೆ ಎಂದೇ ತಿಳಿಯುತ್ತಾನೆ. ಯಂತ್ರ ಕೆಟ್ಟಾಗ ಅದು ಹೇಳುವುದು ಸುಳ್ಳು, ಅದೂ ಜೀವ ತೆಗೆಯುವ ಸುಳ್ಳು.

ಅವನು ಲೆಕ್ಕವನ್ನೇ ತಲೆಕೆಳಗು ಮಾಡಿದ. ಹಳಿಯ ಒಂದು ತುಂಡನ್ನು ಅಕ್ಕಪಕ್ಕದ ಹಳಿಗಳಿಂದ ವಿದ್ಯುತ್ ದಾಟದಂತೆ ಬೇರ್ಪಡಿಸಿ, ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ ಎಂಬ ವಿದ್ಯುತ್ಕಾಂತದ ಸ್ವಿಚ್ಚು ಜೋಡಿಸಿದ. ವಿದ್ಯುತ್ತು ಒಂದು ಹಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತ ಸದಾ ಹರಿಯುತ್ತಿರುತ್ತದೆ. ರಿಲೇಯ ಕಾಂತ ತನ್ನ ಕಬ್ಬಿಣದ ತುಂಡನ್ನು ಎತ್ತಿ ಹಿಡಿದಿರುತ್ತದೆ. ರೈಲು ಹಳಿಯ ಆ ತುಂಡಿನೊಳಗೆ ಬಂದ ಕೂಡಲೇ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳ ನಡುವೆ ಸುಲಭದ ದಾರಿ ಮಾಡಿಕೊಡುತ್ತವೆ. ರಿಲೇಗೆ ವಿದ್ಯುತ್ತು ತಲುಪುವುದಿಲ್ಲ, ಎತ್ತಿ ಹಿಡಿದದ್ದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಬಿದ್ದರೆ ಅಪಾಯದ ಸೂಚನೆ. ತಂತಿ ತುಂಡಾದರೂ ಬೀಳುತ್ತದೆ, ಬ್ಯಾಟರಿ ಸತ್ತರೂ ಬೀಳುತ್ತದೆ, ಹಳಿ ಮುರಿದರೂ ಬೀಳುತ್ತದೆ. ಕೆಟ್ಟ ಯಂತ್ರ ‘ನಿಲ್ಲು’ ಎನ್ನುತ್ತದೆಯೇ ಹೊರತು ‘ಹೋಗು’ ಎನ್ನುವುದಿಲ್ಲ. 1872ರ ಆಗಸ್ಟ್ 20ರಂದು ಇದಕ್ಕೆ ಪೇಟೆಂಟು ಸಿಕ್ಕಿತು. ರೈಲ್ವೆಯ ಇತಿಹಾಸದಲ್ಲಿ ಇಷ್ಟು ಜೀವ ಉಳಿಸಿದ, ಇಷ್ಟು ಕಡಿಮೆ ಹೆಸರು ಪಡೆದ ಉಪಾಯ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ರಾಬಿನ್ಸನ್ ಕಟ್ಟಿದ ಕಂಪನಿಯನ್ನು ಮುಂದೆ ಜಾರ್ಜ್ ವೆಸ್ಟಿಂಗ್‌ಹೌಸ್ ಕೊಂಡ. 1881ರಲ್ಲಿ ಹುಟ್ಟಿದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್ ಕಂಪನಿಗೆ ಅದು ಬುನಾದಿಯಾಯಿತು.

ರಾಬಿನ್ಸನ್‌ನ ಗಮನವಿದ್ದದ್ದು ರೈಲಿಗೆ ರೈಲು ಡಿಕ್ಕಿಯಾಗದಂತೆ ತಡೆಯುವುದರ ಮೇಲೆ. ಆದರೆ ಬೀಳುವ ರಿಲೇ ಸಿಗ್ನಲನ್ನಷ್ಟೇ ಅಲ್ಲ, ರಸ್ತೆಬದಿಯ ಗಂಟೆಯನ್ನೂ ಬಾರಿಸಬಲ್ಲದು. 19ನೇ ಶತಮಾನ ಮುಗಿಯುವ ಮುನ್ನ ಅನೇಕ ದಾಟುಗಳಲ್ಲಿ ಕಂಬದ ಮೇಲೆ ವಿದ್ಯುತ್ ಗಂಟೆ ಬಂತು. ಕುದುರೆಗಾಡಿಯ ಕಾಲಕ್ಕೆ ಅಷ್ಟು ಸಾಕಿತ್ತು.

ಆಮೇಲೆ ಮೋಟಾರು ಬಂತು. 1910ರಲ್ಲಿ ಅಮೆರಿಕದಲ್ಲಿ ನೋಂದಾಯಿತ ಮೋಟಾರು ವಾಹನಗಳು 5 ಲಕ್ಷದ ಒಳಗೇ ಇದ್ದವು. 1920ಕ್ಕೆ ಅವು 92 ಲಕ್ಷವಾದವು, 1929ಕ್ಕೆ ಎರಡೂವರೆ ಕೋಟಿ ದಾಟಿದವು. ಜೊತೆಗೆ ಇನ್ನೊಂದು ಬದಲಾವಣೆ ಆಯಿತು. 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ಹತ್ತಕ್ಕೆ ಒಂದು ಮಾತ್ರ ಮುಚ್ಚಿದ ಮೈಯದು. ಹತ್ತು ವರ್ಷದಲ್ಲಿ ತೆರೆದ ಕಾರೇ ಅಪರೂಪವಾಯಿತು. ಗಾಜು ಏರಿಸಿ ಕೂತವನಿಗೆ ಎಂಜಿನ್ನಿನ ಸದ್ದಿನಲ್ಲಿ ಕಂಬದ ಗಂಟೆ ಕೇಳುವುದಿಲ್ಲ, ರೈಲಿನ ಶಿಳ್ಳೆಯೂ ಸರಿಯಾಗಿ ಕೇಳುವುದಿಲ್ಲ. ಕುದುರೆಯಾದರೆ ತಾನಾಗಿಯೇ ಬೆದರಿ ನಿಲ್ಲುತ್ತಿತ್ತು. 1920ರ ದಶಕದ ಕೊನೆಯ ವರ್ಷಗಳಲ್ಲಿ ದಾಟುಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು.

ಈ ಬಿಸಿ ಮೊದಲು ತಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ. ಹೆನ್ರಿ ಹಂಟಿಂಗ್‌ಟನ್ 1901ರಲ್ಲಿ ಕಟ್ಟಿದ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಕೆಂಪು ವಿದ್ಯುತ್ ರೈಲುಗಳು ಲಾಸ್ ಏಂಜಲೀಸಿನ ಸುತ್ತ ಸುಮಾರು ಸಾವಿರ ಮೈಲಿ ಹಳಿಯ ಮೇಲೆ, ಬೀದಿ ಬೀದಿ ದಾಟುತ್ತ, ವೇಗವಾಗಿ ಓಡುತ್ತಿದ್ದವು. ಹೊಗೆಯಿಲ್ಲ, ಉಗಿ ಎಂಜಿನ್ನಿನ ಆರ್ಭಟವಿಲ್ಲ. ಜನ ಕಾರು ಕೊಳ್ಳುವುದರಲ್ಲೂ ಆ ಊರು ಮುಂದಿತ್ತು. ಕಂಪನಿಯ ಮೆಕ್ಯಾನಿಕಲ್ ಎಂಜಿನಿಯರ್ ಆಲ್ಬರ್ಟ್ ಹಂಟ್ ಈ ಸಮಸ್ಯೆಗೆ ಕೈಹಾಕಿದಾಗ ಕಣ್ಣ ಮುಂದೆ ಇದ್ದ ಮಾದರಿ ಗೂಡಿನ ಕಾವಲುಗಾರನೇ. ರೈಲ್ವೆಯ ಭಾಷೆಯಲ್ಲಿ ಹಳಿಗೆ ಅಡ್ಡಲಾಗಿ ಬೀಸುವ ದೀಪವೆಂದರೆ ‘ನಿಲ್ಲು’. ರಸ್ತೆಯವರಿಗೂ ಅದರ ಅರ್ಥ ರೂಢಿಯಾಗಿತ್ತು. ಹೊಸ ಸಂಕೇತವೊಂದನ್ನು ಕಲಿಸುವ ಬದಲು ಗೊತ್ತಿರುವ ಕೈಯನ್ನೇ ಕಬ್ಬಿಣದಲ್ಲಿ ಮಾಡಿ ನಿಲ್ಲಿಸೋಣ ಎಂಬುದು ಅವನ ಯೋಚನೆ. ಸರಳ, ಆದರೆ ಸರಿಯಾದ ಜಾಗಕ್ಕೆ ತಗಲುವ ಯೋಚನೆ.

1909ರ ಸುಮಾರಿಗೆ ಮಾಡಿದ ಮೊದಲ ಯಂತ್ರಗಳು ಹಲ್ಲುಚಕ್ರದವು. ಅವು ಪದೇ ಪದೇ ಕೆಡುತ್ತಿದ್ದವು. 1914ರ ಹೊತ್ತಿಗೆ ಬಂದ ರೂಪದಲ್ಲಿ ಹಲ್ಲುಚಕ್ರವೇ ಇರಲಿಲ್ಲ. ಎರಡು ವಿದ್ಯುತ್ಕಾಂತಗಳು ನಡುವಿನ ಕಬ್ಬಿಣದ ತುಂಡನ್ನು ಸರದಿಯಂತೆ ತಮ್ಮತ್ತ ಎಳೆಯುತ್ತವೆ. ಅದಕ್ಕೆ ಕಟ್ಟಿದ ತೋಳು ಗಡಿಯಾರದ ಲೋಲಕದಂತೆ ತೂಗುತ್ತದೆ. ತೋಳಿನ ತುದಿಯಲ್ಲಿ ಎರಡಡಿಗೆ ತುಸು ಕಡಿಮೆ ಅಗಲದ ಉಕ್ಕಿನ ತಟ್ಟೆ, ತಟ್ಟೆಯ ನಡುವೆ ಕೆಂಪು ದೀಪ. ತೂಗಿದಾಗಲೆಲ್ಲ ಜಾಗಟೆಯ ಮೇಲೆ ಒಂದು ಪೆಟ್ಟು. ಕಣ್ಣಿಗೆ ಚಲನೆ, ಕತ್ತಲಿಗೆ ಬೆಳಕು, ಕಿವಿಗೆ ಸದ್ದು, ಮೂರೂ ಒಂದೇ ಉಪಕರಣದಲ್ಲಿ. ತಯಾರಿಸಿದ ಮ್ಯಾಗ್ನೆಟಿಕ್ ಸಿಗ್ನಲ್ ಕಂಪನಿ ಇಟ್ಟ ಹೆಸರು ‘ಮ್ಯಾಗ್ನೆಟಿಕ್ ಫ್ಲ್ಯಾಗ್‌ಮನ್’. ತೋಳಿನ ಜೊತೆಗೆ ಬಾವುಟದವನ ಹುದ್ದೆಯ ಹೆಸರೂ ಯಂತ್ರಕ್ಕೆ ಬಂತು. ಜನರ ಬಾಯಲ್ಲಿ ಅದು ‘ವಿಗ್‌ವ್ಯಾಗ್’ ಆಯಿತು.

ತೋಳು ಕೆಳಕ್ಕೆ ಜೋತಾಡುವ ಬಗೆ ಒಂದು; ತೋಳು ಮೇಲಕ್ಕೆ ನಿಂತು, ಬುಡದ ಭಾರದ ಸಮತೋಲದಲ್ಲಿ ಆಡುವ ಬಗೆ ಇನ್ನೊಂದು. ರಸ್ತೆಯ ನಡುವೆಯೇ ನಿಲ್ಲಿಸಬೇಕಾದ ಕಡೆ ವಾಹನ ಗುದ್ದದಂತೆ ಸುತ್ತಲೂ ಉಕ್ಕಿನ ಪಟ್ಟಿಗಳ ಬುಟ್ಟಿ ಹೆಣೆದರು. ಅದಕ್ಕೆ ‘ಪೀಚ್ ಬ್ಯಾಸ್ಕೆಟ್’ ಎಂದೇ ಹೆಸರು. ಮೊದಲಿಗೆ ತಟ್ಟೆ ಪೂರ್ತಿ ಕೆಂಪಗಿತ್ತು. ಮುಂದೆ ದೇಶವಿಡೀ ಒಂದೇ ಚಹರೆ ಇರಲೆಂದು ಬಿಳಿ ನೆಲದ ಮೇಲೆ ಕಪ್ಪು ಅಂಚು, ಕಪ್ಪು ಶಿಲುಬೆಗುರುತು ಬಂದವು. ವಿಗ್‌ವ್ಯಾಗ್ ಕ್ಯಾಲಿಫೋರ್ನಿಯಾ ದಾಟಿ ದೇಶವೆಲ್ಲ ಹಬ್ಬಿತು, ಆಸ್ಟ್ರೇಲಿಯಾದವರೆಗೂ ಹೋಯಿತು.

ಅದರಲ್ಲಿ ಒಂದು ದೋಷವಿತ್ತು, ಅದು ರಾಬಿನ್ಸನ್ ಹೆದರಿದ್ದ ದೋಷವೇ. ಹಳಿಯ ವಿದ್ಯುತ್ ಮಂಡಲ ಕೆಟ್ಟರೆ ತಟ್ಟೆ ತೂಗುತ್ತದೆ, ಸರಿ. ಆದರೆ ತಟ್ಟೆಯನ್ನು ತೂಗಿಸುವ ವಿದ್ಯುತ್ತೇ ಹೋದರೆ? ಅದು ನೆಟ್ಟಗೆ ನೇತಾಡಿಕೊಂಡಿರುತ್ತದೆ. ರೈಲಿಲ್ಲದಾಗಲೂ ಅದು ಹಾಗೆಯೇ ಇರುತ್ತದೆ. ನೋಡುವವನಿಗೆ ವ್ಯತ್ಯಾಸವೇ ತಿಳಿಯದು. ಯೂನಿಯನ್ ಸ್ವಿಚ್ ಕಂಪನಿ ಇದಕ್ಕೊಂದು ಉತ್ತರ ಕಂಡುಕೊಂಡಿತು. ರೈಲಿಲ್ಲದಾಗ ತಟ್ಟೆಯನ್ನು ಕಾಂತವೊಂದು ಪಕ್ಕಕ್ಕೆ ಎಳೆದು ಮರೆಯ ಹಿಂದೆ ಅಡಗಿಸಿಡುತ್ತದೆ. ವಿದ್ಯುತ್ತು ಹೋದರೆ ಕಾಂತದ ಹಿಡಿತ ಸಡಿಲಿ ತಟ್ಟೆ ಹೊರಗೆ ಬಂದು ಕಾಣುತ್ತ ನಿಲ್ಲುತ್ತದೆ. ಒಳ್ಳೆಯ ಉಪಾಯ. ಆದರೆ ವಿಗ್‌ವ್ಯಾಗಿಗೆ ಎದುರಾಳಿ ಆಗಲೇ ಹುಟ್ಟಿಯಾಗಿತ್ತು. 1913ರ ಸುಮಾರಿಗೆ ನ್ಯೂಜೆರ್ಸಿಯ ಸಿವರೆನ್ ಎಂಬಲ್ಲಿ ಅಕ್ಕಪಕ್ಕ ಎರಡು ಕೆಂಪು ದೀಪಗಳನ್ನು ಇಟ್ಟು ಒಂದಾದ ಮೇಲೊಂದು ಹೊತ್ತಿಸಿದರು. ಎಡ ದೀಪ ಆರಿದಾಗ ಬಲ ದೀಪ, ಬಲ ಆರಿದಾಗ ಎಡ. ಏನೂ ಅಲುಗದೆಯೇ ಲಾಟೀನು ಅತ್ತಿಂದಿತ್ತ ಬೀಸಿದಂತೆ ಕಾಣುತ್ತದೆ. ಅಲುಗದ್ದು ಸವೆಯುವುದಿಲ್ಲ; ಗಾಳಿ, ಮಂಜುಗಡ್ಡೆ, ತುಕ್ಕಿನ ಕಾಟ ಕಡಿಮೆ. 1930ರ ದಶಕದ ಹೊತ್ತಿಗೆ ಹೊಸ ದಾಟುಗಳಿಗೆ ಈ ಜೋಡಿ ದೀಪವೇ ರೂಢಿಯಾಗುತ್ತ ಬಂತು.

ಯಂತ್ರಗಳ ಈ ಪೈಪೋಟಿಯ ಜೊತೆಯಲ್ಲೇ ಇನ್ನೊಂದು ಜಗಳ ನ್ಯಾಯಾಲಯದಲ್ಲಿ ನಡೆಯುತ್ತಿತ್ತು: ನೋಡುವ ಹೊಣೆ ಯಾರದು? 1927ರಲ್ಲಿ ಗುಡ್‌ಮನ್ ಎಂಬವನ ಸಾವಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಓಹಾಯೊದ ದಾಟೊಂದರಲ್ಲಿ ಹಳಿಬದಿಯ ಕಟ್ಟಡವೊಂದು ಅಡ್ಡವಾಗಿ ಅವನಿಗೆ ರೈಲು ಕಾಣಲಿಲ್ಲ. ಗಾಡಿಯ ವೇಗ ತಗ್ಗಿಸಿಕೊಂಡೇ ಬಂದಿದ್ದ; ರೈಲು ಗಂಟೆಗೆ 60 ಮೈಲಿಗೆ ಕಡಿಮೆಯಿಲ್ಲದ ವೇಗದಲ್ಲಿತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದಿದ್ದ ಅವನ ಹೆಂಡತಿ ಇಲ್ಲಿ ಸೋತಳು. ಕಾಣದಿದ್ದರೆ ಚಾಲಕ ಗಾಡಿ ನಿಲ್ಲಿಸಿ, ಇಳಿದು, ಹೋಗಿ ನೋಡಬೇಕಿತ್ತು ಎಂದು ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು. ಏಳು ವರ್ಷದ ನಂತರ, 1934ರಲ್ಲಿ, ಇಲಿನಾಯಿಯ ಸ್ಪ್ರಿಂಗ್‌ಫೀಲ್ಡಿನ ಲಾರಿ ಚಾಲಕ ಪೊಕೋರಾನ ಪ್ರಕರಣ ಬಂತು. ಅವನು ನಿಂತಿದ್ದ, ನೋಡಿದ್ದ, ಆಲಿಸಿದ್ದ. ಸಾಲಾಗಿ ನಿಂತ ಡಬ್ಬಿಗಳ ಮರೆಯಿಂದ ರೈಲು ಬಂದು ಹೊಡೆಯಿತು. ನ್ಯಾಯಮೂರ್ತಿ ಕಾರ್ಡೋಜೊ ಹೋಮ್ಸರ ನಿಯಮವನ್ನು ಕಿತ್ತುಹಾಕಿದರು. ಇಳಿದು ನೋಡಿ ಮತ್ತೆ ಬಂದು ಗಾಡಿ ಏರುವಷ್ಟರಲ್ಲಿ ರೈಲು ಬಂದೇ ಬಿಡಬಹುದು. ಇಳಿದು ಹೋಗುವುದು ಎಷ್ಟೋ ಸಲ ವ್ಯರ್ಥ, ಕೆಲವು ಸಲ ಅಪಾಯವೂ ಹೌದು ಎಂದರು. ಕಾರ್ಡೋಜೊ ರಸ್ತೆಯನ್ನು ಚಾಲಕನ ಸೀಟಿನಿಂದ ನೋಡಿದರು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ನ್ಯಾಯದ ದೃಷ್ಟಿ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ಕಾಣುತ್ತದೆ. ಮರುವರ್ಷ, 1935ರಲ್ಲಿ, ನ್ಯಾಯಮೂರ್ತಿ ಬ್ರಾಂಡೈಸ್ ಇನ್ನೊಂದು ಪ್ರಶ್ನೆ ಎತ್ತಿದರು. ದಾಟಿನ ಅಪಾಯ ಹೆಚ್ಚಿಸಿದ್ದು ಮೋಟಾರು, ಹೆದ್ದಾರಿಯ ಲಾಭವೂ ಮೋಟಾರಿನದು. ಹಾಗಿರುವಾಗ ದಾಟನ್ನು ತಪ್ಪಿಸಲು ಕಟ್ಟುವ ಕೆಳಸೇತುವೆಯ ಖರ್ಚಿನ ದೊಡ್ಡ ಪಾಲನ್ನು ರೈಲ್ವೆಯ ತಲೆಗೇ ಕಟ್ಟುವುದು ಹೇಗೆ ಸರಿ?

ನೋಡುವ, ಕೇಳುವ ಹೊಣೆಗೆ 1938ರ ಡಿಸೆಂಬರ್ 1ರ ಬೆಳಗ್ಗೆ ಅತಿ ದಾರುಣ ತಿರುವು ಸಿಕ್ಕಿತು. ಯೂಟಾ ರಾಜ್ಯದ ಸಾಲ್ಟ್‌ಲೇಕ್ ಕಣಿವೆಯಲ್ಲಿ ಹಿಮ ಸುರಿಯುತ್ತಿತ್ತು. ಜೋರ್ಡನ್ ಹೈಸ್ಕೂಲಿಗೆ ಹೊರಟ ಬಸ್ಸು ದಾಟಿನಲ್ಲಿ ನಿಂತು, ಮತ್ತೆ ಮುಂದಕ್ಕೆ ಹೊರಟಿತು. ಸರಕು ರೈಲು ಬಡಿಯಿತು. ಚಾಲಕನೂ ಇಪ್ಪತ್ತಕ್ಕೂ ಹೆಚ್ಚು ಮಕ್ಕಳೂ ಹೋದರು. ಇಂದಿಗೂ ಅಮೆರಿಕದ ಶಾಲಾಬಸ್ಸುಗಳು ಹಳಿಯ ಮುಂದೆ ನಿಂತು, ಬಾಗಿಲು ತೆರೆದು, ಆಲಿಸಿ ಮುಂದೆ ಹೋಗುವುದು ಆ ಬೆಳಗಿನ ನಂತರ ಬಂದ ನಿಯಮಗಳಿಂದ.

ಸಾವುಗಳು ಇಳಿದದ್ದು ಯಾವುದರಿಂದ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ರೈಲ್ವೆ ಸುರಕ್ಷತೆಯ ಇತಿಹಾಸ ಬರೆದ ಮಾರ್ಕ್ ಆಲ್ಡ್ರಿಚ್ ಕಾನೂನಿನಷ್ಟೇ ತೂಕವನ್ನು ಕಂಪನಿಗಳ ಸ್ವಂತ ಲೆಕ್ಕಾಚಾರಕ್ಕೂ ಎಂಜಿನಿಯರುಗಳ ದುಡಿಮೆಗೂ ಕೊಡುತ್ತಾರೆ. ರಸ್ತೆಯ ಇತಿಹಾಸ ಬರೆದ ಪೀಟರ್ ನಾರ್ಟನ್ ಅಂಥವರು, ಮೋಟಾರು ಹಿತಾಸಕ್ತಿಗಳು ಅಪಘಾತದ ಹೊಣೆಯನ್ನು ಯಂತ್ರದಿಂದ ಒಬ್ಬೊಬ್ಬ ಮನುಷ್ಯನ ಎಚ್ಚರಗೇಡಿತನಕ್ಕೆ ಹೇಗೆ ವರ್ಗಾಯಿಸಿದವು ಎಂಬುದರತ್ತ ಕಣ್ಣು ಹಾಯಿಸುತ್ತಾರೆ. ನನಗನ್ನಿಸುವಂತೆ ದಾಟಿನ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ದುಡ್ಡು, ಅಂದರೆ ಬ್ರಾಂಡೈಸ್ ಎತ್ತಿದ ಪ್ರಶ್ನೆಗೆ ತಡವಾಗಿ ಸಿಕ್ಕ ಉತ್ತರ. 1973ರ ಹೆದ್ದಾರಿ ಸುರಕ್ಷತಾ ಕಾಯ್ದೆ ದಾಟುಗಳ ಸುಧಾರಣೆಗೆ ಒಕ್ಕೂಟ ಸರ್ಕಾರದ ಹಣ ತಂದಿತು, ಖರ್ಚಿನ ಶೇ. 90ರವರೆಗೆ. ಆಗ ವರ್ಷಕ್ಕೆ ಸಾವಿರಕ್ಕೂ ಹೆಚ್ಚಿದ್ದ ಸಾವು ಈಗ ಇನ್ನೂರೈವತ್ತರ ಆಸುಪಾಸಿಗೆ ಇಳಿದಿದೆ.

ಉಳಿದಿದ್ದ ವಿಗ್‌ವ್ಯಾಗುಗಳ ಕಾಲ ಮುಗಿಸಿದ್ದೂ ಅದೇ ಹಣ; ಇಳಿಗಾಲ ಮಾತ್ರ ಮೊದಲೇ ಶುರುವಾಗಿತ್ತು. ಎರಡನೇ ಮಹಾಯುದ್ಧದ ನಂತರ ಮ್ಯಾಗ್ನೆಟಿಕ್ ಸಿಗ್ನಲ್ ಕಂಪನಿ ಮಿನಿಯಾಪೊಲಿಸಿನ ಗ್ರಿಸ್ವೋಲ್ಡ್ ಕಂಪನಿಯ ಕೈಸೇರಿತು. ಹೊಸ ಯಂತ್ರಗಳ ತಯಾರಿಕೆ 1949ರಲ್ಲಿ ನಿಂತಿತು, ಬಿಡಿಭಾಗಗಳು ಇನ್ನೊಂದು ದಶಕ ಬಂದವು. ಇದ್ದವುಗಳನ್ನು ಮಾತ್ರ ಯಾರೂ ಅವಸರದಿಂದ ಕೀಳಲಿಲ್ಲ. ಕೆಟ್ಟದ್ದರ ಭಾಗ ತೆಗೆದು ಇನ್ನೊಂದಕ್ಕೆ ಹಾಕುತ್ತ ಸಿಗ್ನಲ್ ವಿಭಾಗದ ಕೆಲಸಗಾರರು ಅವನ್ನು ನಡೆಸಿದರು. ಮೊದಲು ಅದನ್ನು ಹೆತ್ತ ಪೆಸಿಫಿಕ್ ಎಲೆಕ್ಟ್ರಿಕ್ಕಿನ ಕೆಂಪು ರೈಲುಗಳೇ ಹೋದವು. ಕೊನೆಯ ಲಾಂಗ್ ಬೀಚ್ ಮಾರ್ಗ 1961ರಲ್ಲಿ ಮುಚ್ಚಿತು. ತಟ್ಟೆಗಳು ಅದರ ನಂತರವೂ ತೂಗುತ್ತಿದ್ದವು. 2004ರ ಸರ್ಕಾರಿ ಪಟ್ಟಿಯಲ್ಲಿ ಇನ್ನೂ ಸಾವಿರಕ್ಕೂ ಹೆಚ್ಚು ದಾಟುಗಳ ಎದುರು ವಿಗ್‌ವ್ಯಾಗ್ ಎಂದು ಬರೆದಿತ್ತು, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾಲಿಫೋರ್ನಿಯಾದವು. ಆದರೆ ಆ ಪಟ್ಟಿಯಲ್ಲಿ ಹಳೆಯ ದಾಖಲೆಗಳೂ ಸೇರಿದ್ದರಿಂದ ನಿಜಕ್ಕೂ ತೂಗುತ್ತಿದ್ದವು ಅದಕ್ಕಿಂತ ಕಡಿಮೆ. ಲಾಸ್ ಏಂಜಲೀಸಿಗೆ ಅಂಟಿಕೊಂಡ ವರ್ನನ್ ಎಂಬ ಕಾರ್ಖಾನೆಗಳ ಊರಿನ 49ನೇ ಬೀದಿಯಲ್ಲಿ ಒಂದು ತಟ್ಟೆ ಈ ಶತಮಾನಕ್ಕೂ ದಾಟಿ ಬಂತು. ಅದನ್ನು ನೋಡಲೆಂದೇ ಜನ ದೂರದಿಂದ ಹೋಗುತ್ತಿದ್ದರು. ಕ್ಯಾಲಿಫೋರ್ನಿಯಾದ ಪೆರಿಸ್‌ನಲ್ಲಿರುವ ರೈಲ್ವೆ ಸಂಗ್ರಹಾಲಯದಲ್ಲಿ ಹಳೆಯ ಕೆಂಪು ರೈಲುಗಳೂ ವಿಗ್‌ವ್ಯಾಗೂ ಒಟ್ಟಿಗೆ ಇವೆ. ಬ್ರಿಟನ್ನಿನಲ್ಲಿ ಹೆಸರು ಮಾತ್ರ ಉಳಿದಿದೆ: ಅಲ್ಲಿ ದಾಟಿನ ಜೋಡಿ ಕೆಂಪು ದೀಪವನ್ನೇ ವಿಗ್‌ವ್ಯಾಗ್ ಎನ್ನುತ್ತಾರೆ.

ನಮ್ಮ ದೇಶ ಬೇರೆ ದಾರಿಯಲ್ಲಿ ಬಂತು. 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್ ಒಂದೂ ಉಳಿಯದಂತೆ ಭಾರತೀಯ ರೈಲ್ವೆ ಮಾಡಿತು. ಸೇತುವೆ ಕಟ್ಟಲಾಗದ ಕಡೆ ಗೇಟ್‌ಮ್ಯಾನನ್ನೇ ಇಟ್ಟಿತು.

ಅಮೆರಿಕದಲ್ಲಿ ಈಗ ಆ ಗೂಡುಗಳಿಲ್ಲ. ರಾಬಿನ್ಸನ್‌ನ ಹಳಿಯ ಮಂಡಲದ ಮೇಲೆ ನಿಂತ ಗೇಟು, ದೀಪ, ಗಂಟೆಗಳು, ಎಷ್ಟೋ ಕಡೆ ರೈಲಿನ ವೇಗವನ್ನೂ ಲೆಕ್ಕಹಾಕಿ, ತಾವಾಗಿಯೇ ಎಚ್ಚರಿಸುತ್ತವೆ. ಅವೂ ಒಮ್ಮೊಮ್ಮೆ ಕೆಡುತ್ತವೆ. ರೈಲು ಬಂದರೂ ದೀಪ ಹೊತ್ತದ ದಾಟಿನ ಸುದ್ದಿ ಬಂದರೆ ಕಂಪನಿ ಏನು ಮಾಡಬೇಕೆಂದು ಒಕ್ಕೂಟ ರೈಲ್ವೆ ಆಡಳಿತದ ನಿಯಮದಲ್ಲಿ ಬರೆದಿದೆ: ರಿಪೇರಿಯಾಗುವವರೆಗೆ ಬಾವುಟದವನೊಬ್ಬ ಹೋಗಿ ರಸ್ತೆಯಲ್ಲಿ ನಿಲ್ಲಬೇಕು. ಅವನು ಬರುವ ಮುನ್ನವೇ ರೈಲು ಬಂದರೆ ಅದು ದಾಟಿನ ಮುಂದೆ ನಿಂತು, ಸಿಬ್ಬಂದಿಯಲ್ಲಿ ಒಬ್ಬ ಇಳಿದು, ಕೈ ಬೀಸಿ ವಾಹನಗಳನ್ನು ತಡೆದ ಮೇಲೆಯೇ ಮುಂದೆ ಹೋಗಬೇಕು.